ಹಳೇ ಲ್ಯಾಪ್‌ಟಾಪಿಗೆ ಯಾವ ಸಿಸ್ಟಮ್ ಹಾಕೋಣ? ದಾರಿಗಳು, ತೊಡಕುಗಳು, ಆಯ್ಕೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಅವತ್ತಿನಿಂದ ಗೆಳೆಯರು, ನೆಂಟರು, ಪಕ್ಕದ ಮನೆಯವರು ಎಲ್ಲರೂ ಕೇಳುವುದು ಇದನ್ನೇ: "ಲ್ಯಾಪ್‌ಟಾಪ್ ಚೆನ್ನಾಗೇ ಓಡ್ತಿದೆ, ಆದ್ರೆ ವಿಂಡೋಸ್ 11 ಹಾಕೋಕೆ ಬಿಡ್ತಿಲ್ಲ. ಹೇಗಾದ್ರೂ ಮಾಡಿ ಹಾಕಿಸ್ಲಾ, ಲಿನಕ್ಸ್‌ಗೆ ಹೋಗ್ಲಾ, ಇಲ್ಲಾ ಹೊಸದೇ ತಗೊಳ್ಳಲಾ?" (ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕಬಹುದಾದ ಪುಕ್ಕಟೆ ಸಿಸ್ಟಮ್.) ಹಳೇ ಮ್ಯಾಕ್‌ಬುಕ್ ಇಟ್ಟುಕೊಂಡವರದ್ದೂ ಇದೇ ಪಾಡು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಂಪನಿ ಒಪ್ಪದ ಸಿಸ್ಟಮ್ಮನ್ನು, ಅಂದರೆ ಯಂತ್ರ ನಡೆಸುವ ಮೂಲ ಸಾಫ್ಟ್‌ವೇರನ್ನು, ಹಳೇ ಯಂತ್ರಕ್ಕೆ ಹಾಕುವುದು ಈಗ ಕಷ್ಟವೇನಲ್ಲ. ಒಂದು ಪೆನ್‌ಡ್ರೈವ್ ಇದ್ದರೆ ಸಂಜೆಯೊಳಗೆ ಮುಗಿಯುತ್ತದೆ. ಆದರೆ ಆರು ತಿಂಗಳು ಬಿಟ್ಟು ಯಾವುದೋ ಅಪ್‌ಡೇಟ್ ಬಂದು ವೈಫೈ ಹೋಯಿತು ಅಂದುಕೊಳ್ಳಿ. ಆಗ ಅದನ್ನು ನೋಡುವವರು ಯಾರು? ನೀವೇನಾ, ಬೇರೆ ಊರಲ್ಲಿರುವ ಮಗಳಾ, ಬೀದಿ ಕೊನೆಯ ರಿಪೇರಿ ಅಂಗಡಿಯವರಾ? ಇದಕ್ಕೆ ಉತ್ತರ ಗೊತ್ತಿದ್ದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಮೊದಲು ಅಳೆಯಬೇಕಾದದ್ದು

ಮೊದಲನೆಯದು, ಬಿಟ್ಟಿರಲಾಗದ ಸಾಫ್ಟ್‌ವೇರ್ ಯಾವುದು? ಲೆಕ್ಕ ಬರೆಯುವ ಟ್ಯಾಲಿ ಬೇಕೇ ಬೇಕು ಅನ್ನುವವರಿಗೆ ವಿಂಡೋಸ್ ಬಿಟ್ಟು ಗತಿಯಿಲ್ಲ. ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟ್‌ನಲ್ಲಿ ವರ್ಷಗಟ್ಟಲೆ ಫೈಲು ಮಾಡಿಟ್ಟ ಡಿಟಿಪಿ ಅಂಗಡಿಯವರಿಗೂ ಹಾಗೇ. ಜಿಎಸ್‌ಟಿಗೆ ಡಿಜಿಟಲ್ ಸಹಿಯ ಟೋಕನ್ ಚುಚ್ಚುವವರಿಗೂ ವಿಂಡೋಸ್ ಇದ್ದರೆ ತಲೆನೋವು ಕಡಿಮೆ. ಬ್ರೌಸರ್, ಯೂಟ್ಯೂಬ್, ಒಂದಿಷ್ಟು ಟೈಪಿಂಗ್ ಸಾಕು ಅನ್ನುವವರಿಗೆ ಎಲ್ಲಾ ದಾರಿಯೂ ತೆರೆದಿದೆ.

ಎರಡನೆಯದು ಯಂತ್ರದ ತಾಕತ್ತು. ಪ್ರೊಸೆಸರ್ ಹೆಸರಿನಲ್ಲೇ ಅದರ ತಲೆಮಾರು ಇರುತ್ತದೆ. ಐ5-6300ಯು ಅಂದರೆ ಆರನೇ ತಲೆಮಾರು, ಐ5-8250ಯು ಅಂದರೆ ಎಂಟನೆಯದು. ಇಂಟೆಲ್‌ನಲ್ಲಿ ಸುಮಾರಾಗಿ ಎಂಟನೇ ತಲೆಮಾರಿನಿಂದ, ಅಂದರೆ 2017ರ ಕೊನೆಯಿಂದ ಬಂದ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ 11 ಅಧಿಕೃತವಾಗಿಯೇ ಸಿಗುತ್ತದೆ. ನಿಮ್ಮದು ಎಂಟನೆಯದಾಗಿದ್ದೂ "ಆಗಲ್ಲ" ಅಂತ ಬರುತ್ತಿದ್ದರೆ ಅಡ್ಡದಾರಿ ಹುಡುಕಬೇಡಿ. ಬಯಾಸ್ (ಯಂತ್ರ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್ ಪುಟ) ಒಳಗೆ ಹೋಗಿ ಟಿಪಿಎಂ (ವಿಂಡೋಸ್ 11 ಕೇಳುವ ಭದ್ರತಾ ವ್ಯವಸ್ಥೆ) ಆಫ್ ಆಗಿದೆಯಾ ನೋಡಿ. ಇಂಟೆಲ್‌ನಲ್ಲಿ ಅದಕ್ಕೆ ಪಿಟಿಟಿ ಅಂತಲೂ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತಲೂ ಹೆಸರಿರುತ್ತದೆ. ಆನ್ ಮಾಡಿದರೆ ಎಷ್ಟೋ ಸಲ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಮೂರನೆಯದು, ಭದ್ರತೆಯ ಅಪ್‌ಡೇಟ್ ಎಲ್ಲಿಯವರೆಗೆ ಬರುತ್ತದೆ ಅನ್ನುವುದು. ನಾಲ್ಕನೆಯದು ಆಗಲೇ ಹೇಳಿದ್ದು, ಕೆಟ್ಟಾಗ ಯಾರು ನೋಡುತ್ತಾರೆ ಅನ್ನುವುದು. ದುಡ್ಡಿನ ಮಾತು ಕೊನೆಗೆ, ಯಾಕೆಂದರೆ ಈ ದಾರಿಗಳು ಹೆಚ್ಚುಕಮ್ಮಿ ಪುಕ್ಕಟೆಯೇ. ಖರ್ಚು ಬರುವುದು ಎಸ್‌ಎಸ್‌ಡಿಗೆ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್), ರ‍್ಯಾಮ್‌ಗೆ. ಇನ್ನೂ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಯಾವ ಸಿಸ್ಟಮ್ ಅಂತ ಯೋಚಿಸುವ ಮೊದಲು ಎಸ್‌ಎಸ್‌ಡಿ ಹಾಕಿಸಿ. ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದೆ. ಬೇರೆ ಊರಲ್ಲೂ ಹಾಕಿಕೊಡುವವರು ಸಿಗುತ್ತಾರೆ. ಹೊಸ ಲ್ಯಾಪ್‌ಟಾಪಿನ ಬೆಲೆ ಮುಂದೆ ಅದು ಚಿಕ್ಕ ಮೊತ್ತ.

ವಿಂಡೋಸ್ 10ರಲ್ಲೇ ಇನ್ನೂ ಸ್ವಲ್ಪ ದಿನ

ಇದನ್ನು ಆಯ್ಕೆ ಅಂತ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಮನೆ ಬಳಕೆಯವರಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುತ್ತಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳನ್ನು ಬ್ಯಾಕಪ್‌ಗೆ ಸಿಂಕ್ ಮಾಡಿದರೆ ಪುಕ್ಕಟೆ. ಸಿಂಕ್ ಬೇಡ ಅನ್ನುವವರು ಸಾವಿರ ರಿವಾರ್ಡ್ಸ್ ಪಾಯಿಂಟ್ ಕೊಡಬಹುದು, ಇಲ್ಲವೇ 30 ಡಾಲರ್ ಕಟ್ಟಬಹುದು. 22ಎಚ್2 ಆವೃತ್ತಿಯಲ್ಲಿರಬೇಕು ಅಷ್ಟೇ. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲೇ ಸೇರುವ ಕೊಂಡಿ ಕಾಣುತ್ತದೆ.

ಇದು ಪರಿಹಾರವಲ್ಲ, ಸಿಕ್ಕ ಗಡುವು. ಟ್ಯಾಲಿ ನಂಬಿದ ಚಿಕ್ಕ ಅಂಗಡಿಗೆ, ಪರೀಕ್ಷೆ ಹತ್ತಿರ ಇರುವ ಮಕ್ಕಳಿಗೆ ಇದಕ್ಕಿಂತ ಒಳ್ಳೇ ದಾರಿ ಸದ್ಯಕ್ಕಿಲ್ಲ. ಎಲ್‌ಟಿಎಸ್‌ಸಿ ಅನ್ನುವ ಆವೃತ್ತಿ ಹಾಕಿಕೊಳ್ಳಿ, 2032ರವರೆಗೆ ಅಪ್‌ಡೇಟ್ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಅದರ ಐಒಟಿ ಆವೃತ್ತಿಗೆ ಅಷ್ಟು ವರ್ಷ ಇರುವುದು ನಿಜ. ಆದರೆ ಆ ಲೈಸೆನ್ಸ್ ಮನೆ ಬಳಕೆಗೆ ಮಾರುವಂಥದ್ದಲ್ಲ. ಆನ್‌ಲೈನಿನಲ್ಲಿ ಮುನ್ನೂರು ನಾನೂರು ರೂಪಾಯಿಗೆ ಸಿಗುವ ಕೀಲಿಯನ್ನು ನಂಬಿ ವ್ಯಾಪಾರದ ಲೆಕ್ಕ ಇಡಬೇಡಿ.

ವಿಂಡೋಸ್ 11, ಅಡ್ಡದಾರಿಯಲ್ಲಿ

ಜಾಸ್ತಿ ಜನ ಕೇಳುವುದು ಇದನ್ನೇ. ಕೆಲಸ ಮಾಡುತ್ತದಾ? ಆರು, ಏಳನೇ ತಲೆಮಾರಿನ ಯಂತ್ರ, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಚೆನ್ನಾಗಿಯೇ ಮಾಡುತ್ತದೆ. ಸರಿಪಡಿಸಿ ಮತ್ತೆ ಮಾರುವ, ರೀಫರ್ಬಿಶ್ಡ್ ಅಂತ ಸಿಗುವ ಡೆಲ್ ಲ್ಯಾಟಿಟ್ಯೂಡ್ ಇ7470, ಎಚ್‌ಪಿ ಎಲೈಟ್‌ಬುಕ್ 840 ಜಿ3 ಇವೆಲ್ಲ ಈ ಗುಂಪಿನವು.

ದಾರಿ ಸುಲಭ. ಮೈಕ್ರೋಸಾಫ್ಟ್‌ನ ಸ್ವಂತ ತಾಣದಿಂದಲೇ ಐಎಸ್‌ಒ, ಅಂದರೆ ಇಡೀ ವಿಂಡೋಸ್ ತುಂಬಿದ ಕಡತ, ಇಳಿಸಿಕೊಳ್ಳಿ. ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ತಯಾರಿಸಿಕೊಡುವ ರೂಫಸ್ ಅನ್ನುವ ಪುಕ್ಕಟೆ ಸಾಧನದಲ್ಲಿ ಅದನ್ನು ಆರಿಸಿ ಸ್ಟಾರ್ಟ್ ಒತ್ತಿದ ಕೂಡಲೇ ಒಂದು ಚಿಕ್ಕ ಕಿಟಕಿ ತೆರೆಯುತ್ತದೆ. ಅದರಲ್ಲಿ ಸಾಲಾಗಿ ಟಿಕ್ ಹಾಕುವ ಚೌಕಗಳು. 4 ಜಿಬಿ ರ‍್ಯಾಮ್, ಸೆಕ್ಯೂರ್ ಬೂಟ್, ಟಿಪಿಎಂ 2.0ರ ಷರತ್ತು ತೆಗೆಯುವುದು ಮೊದಲನೆಯದು. ಆನ್‌ಲೈನ್ ಖಾತೆಯ ಒತ್ತಾಯ ತೆಗೆಯುವುದು ಇನ್ನೊಂದು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ತಾನಾಗಿ ಶುರುವಾಗದ ಹಾಗೆ ಮಾಡುವುದು ಮತ್ತೊಂದು. ಮೊದಲೆರಡಕ್ಕೆ ಟಿಕ್ ಹಾಕಿ. ಮೂರನೆಯದು ನಿಮ್ಮಿಷ್ಟ. ಕೀಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ಇಲ್ಲದವರು ಹಾಕಿಕೊಳ್ಳುವುದೇ ಒಳ್ಳೆಯದು. ಅಸಲಿ ವಿಂಡೋಸ್ 10 ಇದ್ದ ಯಂತ್ರವಾದರೆ, ಅದೇ ಹೋಮ್ ಅಥವಾ ಪ್ರೊ ಆವೃತ್ತಿ ಹಾಕಿದಾಗ ಲೈಸೆನ್ಸ್ ತಾನಾಗಿ ಹೊಂದಿಕೊಳ್ಳುತ್ತದೆ. ಬೇರೆ ಕೀಲಿ ಬೇಕಿಲ್ಲ.

ಈಗ ತೊಡಕಿನ ಮಾತು. ಒಪ್ಪದ ಯಂತ್ರಗಳಿಗೆ ಅಪ್‌ಡೇಟ್ ಕೊಡಲೇಬೇಕು ಅನ್ನುವ ಹೊಣೆ ತನಗಿಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. ಸದ್ಯಕ್ಕೆ ತಿಂಗಳ ಭದ್ರತಾ ಅಪ್‌ಡೇಟ್ ಬರುತ್ತವೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ಮಾತ್ರ ತಾನಾಗಿ ಬರುವುದಿಲ್ಲ. ಹೋಮ್ ಮತ್ತು ಪ್ರೊಗೆ ಒಂದೊಂದು ಆವೃತ್ತಿಗೂ ಎರಡು ವರ್ಷದ ಆಯಸ್ಸು. 24ಎಚ್2 ಮುಗಿಯುವುದು 2026ರ ಅಕ್ಟೋಬರ್ 13ಕ್ಕೆ, 25ಎಚ್2 ಮುಗಿಯುವುದು 2027ರ ಅಕ್ಟೋಬರ್ 12ಕ್ಕೆ. ಅಷ್ಟರೊಳಗೆ ಮತ್ತೆ ರೂಫಸ್ ಪೆನ್‌ಡ್ರೈವ್ ಮಾಡಿ, ವಿಂಡೋಸ್ ಒಳಗಿಂದಲೇ ಸೆಟಪ್ ಓಡಿಸಿ, ಫೈಲು ಉಳಿಸಿಕೊಂಡು ಮೇಲೇರಿಸಬೇಕು. ಇದನ್ನು ನೆನಪಿಟ್ಟು ಮಾಡುವವರು ಮನೆಯಲ್ಲಿ ಇದ್ದರೆ ಧೈರ್ಯವಾಗಿ ಹಾಕಿ. ದೂರದ ಊರಿನ ಅಪ್ಪ ಅಮ್ಮನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟು ಮರೆತುಬಿಡುವುದಾದರೆ ಬೇಡ.

ಇನ್ನೊಂದು ಗಟ್ಟಿ ಗೋಡೆ ಇದೆ. 24ಎಚ್2ರಿಂದ ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಅನ್ನುವ ಸೂಚನೆಗಳು ಇರಲೇಬೇಕು. ಕೋರ್ 2 ಡ್ಯುಯೋದಲ್ಲಿ ಅವಿಲ್ಲ. ಅಲ್ಲಿ ಯಾವ ಚೌಕಕ್ಕೆ ಟಿಕ್ ಹಾಕಿದರೂ ಯಂತ್ರ ಬೂಟ್ ಆಗದೆ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿರುತ್ತದೆ. ಪೆನ್‌ಡ್ರೈವ್ ಸರಿಯಿಲ್ಲವೇನೋ ಅಂತ ಸುಮ್ನೆ ರಾತ್ರಿಯೆಲ್ಲ ಕೂರಬೇಡಿ.

ಟೈನಿ11 ತರಹದ ಸಣ್ಣ ಮಾಡಿದ ವಿಂಡೋಸ್ ಬಗ್ಗೆಯೂ ಕೇಳುತ್ತಾರೆ. ಮೈಕ್ರೋಸಾಫ್ಟ್‌ನ ಐಎಸ್‌ಒ ತೆಗೆದುಕೊಂಡು ನಿಮ್ಮ ಯಂತ್ರದಲ್ಲೇ ಅದನ್ನು ತಯಾರಿಸುವ ಸ್ಕ್ರಿಪ್ಟ್ ಸಿಗುತ್ತದೆ. ಪ್ರಯೋಗಕ್ಕೆ ಸರಿ. ಅದರದೇ "ಕೋರ್" ಆವೃತ್ತಿಗೆ ಮುಂದೆ ಅಪ್‌ಡೇಟ್ ಹಾಕಲು ಬರುವುದಿಲ್ಲ, ದಿನದ ಬಳಕೆಗೆ ಅದು ಬೇಡವೇ ಬೇಡ. ಯಾರೋ ಮಾಡಿಟ್ಟ ಐಎಸ್‌ಒ, ಮೊದಲೇ ಆಕ್ಟಿವೇಟ್ ಆಗಿರುವ ವಿಂಡೋಸ್, ಅಂಗಡಿಯ ಪೆನ್‌ಡ್ರೈವ್‌ನಲ್ಲಿ ಬಂದ ಗೇಮಿಂಗ್ ಎಡಿಷನ್ ಇವುಗಳಲ್ಲಿ ನೆಟ್‌ಬ್ಯಾಂಕಿಂಗ್ ಮಾಡಬೇಡಿ. ಒಳಗೆ ಏನು ಸೇರಿಸಿದ್ದಾರೆ ಅಂತ ನೋಡುವ ದಾರಿ ನಮಗಿಲ್ಲ.

ಲಿನಕ್ಸ್ ಮಿಂಟ್

ಲಿನಕ್ಸ್‌ನ ಒಂದು ರೂಪ, ಒಪ್ಪಿಗೆಯ ರಗಳೆಯೇ ಇಲ್ಲದ ದಾರಿ ಇದು. ಮಿಂಟ್ 22 ಸಾಲಿಗೆ 2029ರವರೆಗೆ ಅಪ್‌ಡೇಟ್ ಇದೆ. 2 ಜಿಬಿ ರ‍್ಯಾಮ್‌ನಲ್ಲಿ ಏಳುತ್ತದೆ, ಆರಾಮಾಗಿ ಓಡಲು 4 ಜಿಬಿ ಬೇಕು. ಹಳೇ ಯಂತ್ರಕ್ಕೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಆರಿಸಿ. ಹಾರ್ಡ್‌ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ವೈಫೈ ಸಿಗುತ್ತದಾ, ಸೌಂಡ್ ಬರುತ್ತದಾ, ಪ್ರಿಂಟರ್ ಕಾಣುತ್ತದಾ, ಮುಚ್ಚಿ ತೆರೆದರೆ ಏಳುತ್ತದಾ ಅಂತ ಇನ್‌ಸ್ಟಾಲ್‌ಗೆ ಮೊದಲೇ ತಿಳಿಯುತ್ತದೆ. ಮೇಲೆ ಹೇಳಿದ ವಿಂಡೋಸ್ ದಾರಿಗೆ ಈ ಅನುಕೂಲ ಇಲ್ಲ.

ಕನ್ನಡ ಟೈಪಿಂಗ್ ಹೇಗೆ ಅಂತ ಹೆದರುವವರು ಬಹಳ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕಗಪ ವಿನ್ಯಾಸ ಇದೆ, ಇನ್‌ಸ್ಕ್ರಿಪ್ಟ್ ಕೂಡ ಇದೆ. ನುಡಿಯಲ್ಲಿ ಕೈ ಪಳಗಿದವರ ಬೆರಳಿಗೆ ಕಗಪ ಹೊಸದಲ್ಲ. ಯೂನಿಕೋಡ್‌ನಲ್ಲಿ, ಅಂದರೆ ಎಲ್ಲಾ ಯಂತ್ರದಲ್ಲೂ ಓದಲಾಗುವ ಕನ್ನಡದಲ್ಲಿ, ಬರೆಯುವವರಿಗೆ ಇಷ್ಟು ಸಾಕು. ಹಳೇ ಆಸ್ಕಿ ಫಾಂಟಿನ (ಆ ಫಾಂಟ್ ಇಲ್ಲದೆ ಓದಲಾಗದ) ಕಡತಗಳಿದ್ದರೆ ಮಾತ್ರ ಒಂದು ವಿಂಡೋಸ್ ಯಂತ್ರ ಎಲ್ಲಾದರೂ ಉಳಿಸಿಕೊಳ್ಳಿ, ಇಲ್ಲವೇ ಯೂನಿಕೋಡ್‌ಗೆ ಬದಲಿಸಿಕೊಂಡೇ ಮಿಂಟ್‌ಗೆ ಬನ್ನಿ.

ತೊಡಕು ಹೆಚ್ಚಾಗಿ ಬರುವುದು ವೈಫೈ, ಗ್ರಾಫಿಕ್ಸ್, ಪ್ರಿಂಟರ್ ಈ ಮೂರು ಕಡೆ. ಬ್ರಾಡ್‌ಕಾಮ್ ವೈಫೈ ಚಿಪ್ ಇದ್ದರೆ ಮೊದಲ ಸಲ ಇಂಟರ್‌ನೆಟ್ ಸಿಗದೆ ಹೋಗಬಹುದು. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಡ್ರೈವರ್ ಮ್ಯಾನೇಜರ್ ತೆರೆಯಿರಿ, ಅದು ಹುಡುಕಿಕೊಡುತ್ತದೆ. ಬೂಟ್ ಆದಮೇಲೆ ಪರದೆ ಕಪ್ಪಾಗಿ ನಿಂತರೆ ಶುರುವಿನ ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ. ಎನ್‌ವಿಡಿಯಾ ಚಿಪ್ ಇರುವ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಮಾನ್ಯ. ಪ್ರಿಂಟರ್‌ಗಳಲ್ಲಿ ಎಚ್‌ಪಿಯ ಹೆಚ್ಚಿನವು ಸುಮ್ಮನೆ ಚುಚ್ಚಿದರೆ ಓಡುತ್ತವೆ. ನಮ್ಮ ಆಫೀಸು, ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಇರುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಲಿನಕ್ಸ್‌ನಲ್ಲಿ ಸತಾಯಿಸುತ್ತದೆ. ಅದರ ಮೇಲೆ ದಿನದ ದುಡಿಮೆ ನಿಂತಿದ್ದರೆ ಮಿಂಟ್ ಹಾಕುವ ಮುಂಚೆ ಹತ್ತು ಸಲ ಯೋಚಿಸಿ.

"ಕೆಟ್ಟಾಗ ಯಾರು ನೋಡ್ತಾರೆ" ಅನ್ನುವುದಕ್ಕೆ ಮಿಂಟ್‌ನಲ್ಲಿ ಒಂದು ಒಳ್ಳೇ ಉತ್ತರ ಇದೆ. ಅದರ ಹೆಸರು ಟೈಮ್‌ಶಿಫ್ಟ್. ಮೊದಲ ದಿನವೇ ಆನ್ ಮಾಡಿಡಿ. ಅಪ್‌ಡೇಟ್ ಆದಮೇಲೆ ಏನಾದರೂ ಎಡವಟ್ಟಾದರೆ ನಿನ್ನೆಯ ಸ್ಥಿತಿಗೆ ವಾಪಸ್ ತರಬಹುದು. ಬೂಟೇ ಆಗದಿದ್ದರೂ ಅದೇ ಪೆನ್‌ಡ್ರೈವ್‌ನಿಂದ ಎಬ್ಬಿಸಿ ವಾಪಸ್ ತರಬಹುದು. ಟೈಮ್‌ಶಿಫ್ಟ್ ಕಾಯುವುದು ಸಿಸ್ಟಮ್ ಫೈಲುಗಳನ್ನು. ನಿಮ್ಮ ಫೋಟೋ, ಕಾಗದಪತ್ರಕ್ಕೆ ಬೇರೆ ಬ್ಯಾಕಪ್ ಬೇಕೇ ಬೇಕು.

ಕ್ರೋಮ್‌ಓಎಸ್ ಫ್ಲೆಕ್ಸ್

ಬ್ರೌಸರ್ ಸುತ್ತಲೇ ಕಟ್ಟಿದ ಸಿಸ್ಟಮ್ ಇದು, ಗೂಗಲ್ 2022ರಲ್ಲಿ ಪುಕ್ಕಟೆಯಾಗಿ ಬಿಟ್ಟಿದ್ದು. 4 ಜಿಬಿ ರ‍್ಯಾಮ್, 16 ಜಿಬಿ ಜಾಗ, 64 ಬಿಟ್ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಸಾಕು. ಬ್ರೌಸರ್ ಬಿಟ್ಟು ಇನ್ನೇನೂ ಬೇಡ ಅನ್ನುವವರಿಗೆ ಇದು ಹೇಳಿ ಮಾಡಿಸಿದ್ದು. ಅಪ್‌ಡೇಟ್ ತಾನಾಗಿ ಆಗುತ್ತದೆ, ಕೆಡಿಸುವುದೂ ಕಷ್ಟ. ಗೂಗಲ್ ಡಾಕ್ಸ್‌ನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಟೈಪ್ ಆಗುತ್ತದೆ. ಕಣ್ಣು ಮಂಜಾದ ಹಿರಿಯರಿಗೆ ಇದೊಂದು ದೊಡ್ಡ ಅನುಕೂಲ.

ಕ್ರೋಮ್‌ಬುಕ್‌ನಲ್ಲಿ ಇರುವ ಪ್ಲೇ ಸ್ಟೋರ್ ಇದರಲ್ಲಿ ಇಲ್ಲ. ಆಂಡ್ರಾಯ್ಡ್ ಆ್ಯಪ್ ಸಿಗುತ್ತದೆ ಅಂದುಕೊಂಡು ಹಾಕಿಸಿ ಬೇಜಾರಾಗುವವರು ಎಷ್ಟೋ ಜನ. ಇನ್‌ಸ್ಟಾಲ್ ಮಾಡಿದರೆ ಇಡೀ ಡಿಸ್ಕ್ ಅಳಿಸುತ್ತದೆ, ಪಕ್ಕದಲ್ಲಿ ವಿಂಡೋಸ್ ಇಟ್ಟುಕೊಳ್ಳಲು ಆಗುವುದಿಲ್ಲ. ನೆಟ್ ಸರಿಯಿಲ್ಲದ ಊರಲ್ಲಿ ಅರ್ಧ ಕೆಲಸ ನಿಲ್ಲುತ್ತದೆ. ಗೂಗಲ್ ಪರೀಕ್ಷಿಸಿದ ಮಾದರಿಗಳ ಪಟ್ಟಿಯಲ್ಲಿ ನಿಮ್ಮ ಯಂತ್ರ ಇದೆಯಾ ನೋಡಿ. ಬೆಂಬಲ ಯಾವ ವರ್ಷದವರೆಗೆ ಅಂತಲೂ ಅಲ್ಲೇ ಇದೆ. ಪಟ್ಟಿಯಲ್ಲಿ ಇಲ್ಲದಿದ್ದರೂ ಪೆನ್‌ಡ್ರೈವ್‌ನಿಂದ ಓಡಿಸಿ ನೋಡಲು ಅಡ್ಡಿಯಿಲ್ಲ.

ಹಳೇ ಮ್ಯಾಕ್‌ಬುಕ್ ಇದ್ದವರಿಗೆ

2017ರ ಮ್ಯಾಕ್‌ಬುಕ್ ಏರ್‌ಗೆ ಆ್ಯಪಲ್ ಕೊಟ್ಟ ಕೊನೆಯ ಆವೃತ್ತಿ ಮಾಂಟೆರೆ. ಅದರ ಮೇಲಿನದು ಬೇಕಾದರೆ ಓಪನ್‌ಕೋರ್ ಲೆಗಸಿ ಪ್ಯಾಚರ್ ಇದೆ. ಸ್ವಯಂಸೇವಕರು ಮಾಡಿರುವ ಪುಕ್ಕಟೆ ಸಾಧನ, ಕೆಲಸ ಅಚ್ಚುಕಟ್ಟಾಗಿದೆ. 8 ಜಿಬಿ ರ‍್ಯಾಮ್ ಇದ್ದರೆ ಮಾಂಟೆರೆಯ ನಂತರ ಬಂದ ಸೆಕ್ವೋಯಾ ಆವೃತ್ತಿ ಕೂಡ ಓಡುತ್ತದೆ.

ಆದರೆ ನಾನು ನೋಡಿದ ದಾರಿಗಳಲ್ಲಿ ಜಾಸ್ತಿ ಆರೈಕೆ ಬೇಡುವುದು ಇದೇ. ಒಂದೊಂದು ಅಪ್‌ಡೇಟ್ ಆದಮೇಲೂ ಪ್ಯಾಚರ್ ಹಾಕಿದ್ದ ಗ್ರಾಫಿಕ್ಸ್, ವೈಫೈ ತೇಪೆ ಕಿತ್ತುಹೋಗುತ್ತದೆ. ಕಿಟಕಿಗಳು ಎಳೆದರೆ ತೆವಳುತ್ತವೆ, ಮೇಲಿನ ಪಟ್ಟಿಯಲ್ಲಿ ವೈಫೈ ಗುರುತು ಸತ್ತಿರುತ್ತದೆ. ಗಾಬರಿ ಬೇಡ. ಪ್ಯಾಚರ್ ತೆರೆದು "ರೂಟ್ ಪ್ಯಾಚ್" ಮತ್ತೆ ಹಾಕಿ ರೀಸ್ಟಾರ್ಟ್ ಮಾಡಬೇಕು. ಸಿಕ್ಕಿಹಾಕಿಕೊಳ್ಳುವುದು ಎಲ್ಲಿ ಅಂದರೆ, ಅದಕ್ಕೆ ಬೇಕಾದ ಕಡತ ಇಳಿಸಲು ನೆಟ್ ಬೇಕು, ವೈಫೈ ಹೋಗಿದೆ. ಆಂಡ್ರಾಯ್ಡ್ ಫೋನಿನ ಟೆದರಿಂಗ್ ಮ್ಯಾಕ್‌ನಲ್ಲಿ ಸುಮ್ಮನೆ ಚುಚ್ಚಿದರೆ ನಡೆಯುವುದಿಲ್ಲ. ಐಫೋನ್ ಅಥವಾ ಯುಎಸ್‌ಬಿ ಈಥರ್‌ನೆಟ್ ಅಡಾಪ್ಟರ್ ಕೈಯಲ್ಲಿರಲಿ. ಆಟೋಮ್ಯಾಟಿಕ್ ಅಪ್‌ಡೇಟ್ ಆಫ್ ಮಾಡಿಡಿ, ಬಿಡುವಿದ್ದ ದಿನ ನೀವೇ ಹಾಕಿಕೊಳ್ಳಿ. ಆನ್ ಮಾಡಿದಾಗ ನಿಷೇಧದ ಗುರುತು ಬಂದು ನಿಂತರೆ, ಆಪ್ಷನ್ ಕೀಲಿ ಒತ್ತಿ ಹಿಡಿದು ಓಪನ್‌ಕೋರ್ ಚಿಹ್ನೆಯ ಇಎಫ್‌ಐ ಬೂಟ್ ಆರಿಸಿ.

ಈ ತೇಪೆ ಹಾಕಲು ಆ್ಯಪಲ್‌ನ ಸಿಸ್ಟಮ್ ರಕ್ಷಣೆಯನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ ಅನ್ನುವುದೂ ತಿಳಿದಿರಲಿ. ಮ್ಯಾಕ್‌ಓಎಸ್ 26, ಅಂದರೆ ಟಾಹೋ, ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದು ಅಂತ ಆ್ಯಪಲ್ 2025ರಲ್ಲೇ ಹೇಳಿದೆ. ಹಾಗಾಗಿ ಈ ದಾರಿಗೂ ಕೊನೆ ಕಾಣುತ್ತಿದೆ. ಐಫೋನ್ ಜೊತೆ ಹೊಂದಾಣಿಕೆ ಬೇಡ ಅನ್ನುವವರು ಅದೇ ಏರ್‌ಗೆ ಮಿಂಟ್ ಹಾಕಬಹುದು. ಕ್ಯಾಮೆರಾಗೆ ಬೇರೆ ಡ್ರೈವರ್ ಹುಡುಕಿ ಹಾಕಬೇಕಾಗುತ್ತದೆ ಅಷ್ಟೇ.

ಯಾವುದೇ ದಾರಿ ಹಿಡಿದರೂ ಸಿಕ್ಕಿಬೀಳುವ ಜಾಗಗಳು

ಪೆನ್‌ಡ್ರೈವ್ ಬೂಟ್ ಮೆನುವಿನಲ್ಲಿ ಕಾಣದಿದ್ದರೆ ಮೊದಲು ಯುಇಎಫ್‌ಐ (ಬೂಟ್ ಆಗುವ ಹೊಸ ವಿಧಾನ), ಲೆಗಸಿ (ಹಳೇ ವಿಧಾನ) ಜಗಳ ನೋಡಿ. ರೂಫಸ್‌ನಲ್ಲಿ ಜಿಪಿಟಿ ಅಂತ ಮಾಡಿದ್ದು ಯುಇಎಫ್‌ಐಗೆ, ಎಂಬಿಆರ್ ಹಳೇ ಬಯಾಸ್‌ಗೆ. ಮೆನು ತೆರೆಯಲು ಡೆಲ್, ಥಿಂಕ್‌ಪ್ಯಾಡ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9. ಲೆನೋವೋ ಐಡಿಯಾಪ್ಯಾಡ್ ಕೆಲವದರಲ್ಲಿ ಪಕ್ಕದಲ್ಲಿ ಪಿನ್ ಚುಚ್ಚುವಷ್ಟು ಚಿಕ್ಕ ತೂತು ಇರುತ್ತದೆ, ಅದೇ ಬಟನ್.

ಇನ್‌ಸ್ಟಾಲರ್ ಶುರುವಾಗುತ್ತದೆ, ಆದರೆ ಡಿಸ್ಕ್ ಕಾಣುವುದಿಲ್ಲ. ಬಯಾಸ್‌ನಲ್ಲಿ ಡಿಸ್ಕ್ ಜೋಡಣೆಯ ಸಾಟಾ ಮೋಡ್ ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಅಂತಿದ್ದರೆ ಎಎಚ್‌ಸಿಐಗೆ ಬದಲಿಸಿ. ಹಳೇ ವಿಂಡೋಸ್ ಉಳಿಸಿಕೊಳ್ಳುವ ಆಸೆಯಿದ್ದರೆ ನೇರ ಬದಲಿಸಬೇಡಿ, ಅದು ನೀಲಿ ಪರದೆಗೆ ಬೀಳುತ್ತದೆ.

ಹೊಸ ಸಿಸ್ಟಮ್ ಬಂದಿದೆ, ನೆಟ್ ಇದೆ, ಆದರೆ ಎಲ್ಲಾ ತಾಣಗಳೂ "ಸುರಕ್ಷಿತವಲ್ಲ" ಅನ್ನುತ್ತವೆ, ಅಪ್‌ಡೇಟ್ ಆಗುವುದಿಲ್ಲ. ಮೂಲೆಯಲ್ಲಿ ತಾರೀಕು ನೋಡಿ. ಹತ್ತು ವರ್ಷ ಹಿಂದಿನದು ತೋರಿಸುತ್ತಿದ್ದರೆ ಬಯಾಸ್ ಬ್ಯಾಟರಿ ಸತ್ತಿದೆ. ನಾಣ್ಯದ ಗಾತ್ರದ ಸಿಆರ್2032, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೆ ವೈರ್ ಅಂಟಿಸಿರುತ್ತಾರೆ, ಆ ತರಹದ್ದೇ ಕೇಳಿ. ತಾರೀಕು ತಪ್ಪಿದ್ದರೆ ಮ್ಯಾಕ್‌ನ ಇನ್‌ಸ್ಟಾಲರ್ ಕಡತ ಹಾಳಾಗಿದೆ ಅಂತ ಕೂಡ ಹೇಳಿಬಿಡುತ್ತದೆ.

ಈ ಎಲ್ಲಕ್ಕಿಂತ ಮೊದಲು ಬಿಟ್‌ಲಾಕರ್ ಕೀಲಿ. ಡಿಸ್ಕ್ ಬೀಗ ಹಾಕಿರುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಬಯಾಸ್‌ನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಸಾಕು, 48 ಅಂಕೆಯ ಕೀಲಿ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ ಕಾಗದದ ಮೇಲೆ ಬರೆದುಕೊಂಡೇ ಮುಂದುವರಿಯಿರಿ.

ಯಾರಿಗೆ ಯಾವುದು

ಟ್ಯಾಲಿ, ಡಿಜಿಟಲ್ ಸಹಿ, ಹಳೇ ಪ್ರಿಂಟರ್ ಇವುಗಳಿಂದಲೇ ಹೊಟ್ಟೆಪಾಡು ಅನ್ನುವವರು ವಿಂಡೋಸ್ 10ರ ಹೆಚ್ಚುವರಿ ಅಪ್‌ಡೇಟ್ ಹಾಕಿಕೊಂಡು, ಆ ಅವಧಿಯಲ್ಲಿ ದುಡ್ಡು ಕೂಡಿಸಿ ಎಂಟನೇ ತಲೆಮಾರಿನ ರೀಫರ್ಬಿಶ್ಡ್ ಯಂತ್ರ ಕೊಳ್ಳಿ. ಥಿಂಕ್‌ಪ್ಯಾಡ್ ಟಿ480ಯಂಥದ್ದಕ್ಕೆ ಅಡ್ಡದಾರಿ ಬೇಕಿಲ್ಲ. ಖರೀದಿಸುವಾಗ ಹೆಸರಿನ ಅಂಕೆ ನೀವೇ ನೋಡಿ, ಬರೀ "ಐ7" ಅಂದಿದ್ದಕ್ಕೆ ಮರುಳಾಗಬೇಡಿ.

ಮನೆಯಲ್ಲಿ ಕಂಪ್ಯೂಟರ್ ಬಲ್ಲ ಮಕ್ಕಳಿದ್ದಾರೆ, ವಿಂಡೋಸ್ ಸಾಫ್ಟ್‌ವೇರೂ ಬೇಕು, ಯಂತ್ರ ಆರು ಏಳನೇ ತಲೆಮಾರಿನದು. ಅಂಥವರಿಗೆ ವಿಂಡೋಸ್ 11 ಅಡ್ಡದಾರಿ ಸರಿ. ಬ್ಯಾಕಪ್ ಮಾತ್ರ ಖಡಾಖಂಡಿತ.

ಓದುವ, ಬರೆಯುವ, ಕೋಡ್ ಕಲಿಯುವ ವಿದ್ಯಾರ್ಥಿಗೆ ನಾನು ಕಣ್ಣುಮುಚ್ಚಿ ಮಿಂಟ್ ಹೇಳುತ್ತೇನೆ. ಮೂರನೇ ನಾಲ್ಕನೇ ತಲೆಮಾರಿನ ಐ3 ಕೂಡ ಎಸ್‌ಎಸ್‌ಡಿ ಹಾಕಿದರೆ ಅದರಲ್ಲಿ ಮತ್ತೆ ಲವಲವಿಕೆಯಿಂದ ಓಡುತ್ತದೆ. ದೂರದ ಅಪ್ಪ ಅಮ್ಮನಿಗೆ ನೆಟ್ ಚೆನ್ನಾಗಿದ್ದರೆ ಫ್ಲೆಕ್ಸ್, ಇಲ್ಲದಿದ್ದರೆ ಮಿಂಟ್.

2 ಜಿಬಿ ರ‍್ಯಾಮ್ ಬೆಸುಗೆ ಹಾಕಿರುವ, ಇಂಟೆಲ್‌ನ ಚಿಕ್ಕ ಆಟಮ್ ಪ್ರೊಸೆಸರಿನ ಲ್ಯಾಪ್‌ಟಾಪ್ ಇದ್ದರೆ ಅದಕ್ಕೆ ದುಡ್ಡು ಸುರಿಯಬೇಡಿ. ಎಷ್ಟೋ ಸಲ ಅವುಗಳಲ್ಲಿ ಪ್ರೊಸೆಸರ್ 64 ಬಿಟ್, ಯುಇಎಫ್‌ಐ ಮಾತ್ರ 32 ಬಿಟ್. ಹಾಗಾಗಿ ಮಿಂಟ್‌ನ ಪೆನ್‌ಡ್ರೈವ್ ಮೆನುವಿನಲ್ಲೇ ಬರುವುದಿಲ್ಲ. ಬರೀ 32 ಬಿಟ್ ನೆಟ್‌ಬುಕ್‌ಗಳಿಗಂತೂ ದಾರಿ ಕಿರಿದಾಗುತ್ತಿದೆ. ಡೆಬಿಯನ್ ಅನ್ನುವ ಲಿನಕ್ಸ್‌ನಲ್ಲಿ 13ನೇ ಆವೃತ್ತಿಯಿಂದ 32 ಬಿಟ್ ಇನ್‌ಸ್ಟಾಲರ್ ಇಲ್ಲ, ಆ್ಯಂಟಿಎಕ್ಸ್ ತರಹದ ಕೆಲವೇ ಉಳಿದಿವೆ. ಹಾಡು ಕೇಳಲು, ಮಕ್ಕಳು ಬಿಚ್ಚಿ ಜೋಡಿಸಿ ಕಲಿಯಲು ಇಟ್ಟುಕೊಳ್ಳಿ. ಕೊಡುವುದಾದರೆ ಒಳಗಿನ ಫೋಟೋ, ಪಾಸ್‌ವರ್ಡ್ ಅಳಿಸಿ, ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕದೆ ಹಾಗೇ ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಟ್ಟುಬಿಡಿ.